ಮಡಕೆ ಒಡೆಯದ ಬೆಳಗು

ಆ ಊರಿನವರು ಬೆಳಗಾದದ್ದನ್ನು ಕಿವಿಯಿಂದ ತಿಳಿಯುತ್ತಿದ್ದರು. ಮೂಡಣ ದಿಬ್ಬದ ಮೇಲೆ ಸೂರ್ಯನ ಅಂಚು ಕಾಣಿಸಿದ ಕೂಡಲೇ ಊರ ನಡುವಿನ ಗೋಪುರದ ನೆತ್ತಿಯಲ್ಲಿ ಒಡೆಯುವವನು ಎದ್ದು ನಿಲ್ಲುತ್ತಿದ್ದ. ಅವನ ಕೈಯಲ್ಲಿ ಕಬ್ಬಿಣದ ಹಾರೆ. ಅವನ ಮುಂದೆ ಸಾಲು ಮಡಕೆ. ರೋಗ ತಗುಲಿದ, ಇಲ್ಲವೇ ಸತ್ತ ಒಬ್ಬೊಬ್ಬರಿಗೂ ಒಂದೊಂದು ಮಡಕೆ. ಅವನು ಹಾರೆ ಎತ್ತುತ್ತಿದ್ದ, ಮಡಕೆ ಒಡೆಯುತ್ತಿತ್ತು, ಮುಚ್ಚಿದ ಬಾಗಿಲುಗಳ ಹಿಂದೆ ನಿಂತ ಊರು ಒಂದೇ ಬಾಯಲ್ಲಿ "ಇನ್ನೊಂದು" ಅನ್ನುತ್ತಿತ್ತು. ಮತ್ತೆ ಹಾರೆ, ಮತ್ತೆ ಸದ್ದು. "ಇನ್ನೊಂದು."

ನಿಯಮ ಇದ್ದದ್ದು ಒಂದೇ. ಸೂರ್ಯ ದಿಬ್ಬದಿಂದ ಪೂರ್ತಿ ಬಿಡಿಸಿಕೊಳ್ಳುವ ತನಕ ಮಡಕೆ ಒಡೆದ ಸದ್ದು ಕೇಳದಿದ್ದರೆ ಆ ದಿನ ಬಾಗಿಲು ತೆರೆಯಬಹುದು. ಒಂದು ಸದ್ದು ಕೇಳಿದರೂ ಮೆತ್ತುವವರು ಬಂದು ಪ್ರತಿ ಬಾಗಿಲಿನ ಮೇಲೆ ಇನ್ನೊಂದು ಪದರ ಕೆಂಪು ಮಣ್ಣು ಮೆತ್ತಬೇಕು. ಯಾರ ಮಡಕೆ, ಯಾರು ಒಡೆದರು, ಯಾಕೆ ಒಡೆದರು, ಇದನ್ನು ನಿಯಮ ಕೇಳುತ್ತಿರಲಿಲ್ಲ. ಸದ್ದೇ ಲೆಕ್ಕ. ಹಾಗಾಗಿ ಅಡುಗೆಮನೆಯ ಮಡಕೆಗಳಿಗೂ ಜನ ಚಿಂದಿ ಸುತ್ತಿಟ್ಟಿದ್ದರು. ಮಗುವಿನ ಕೈಜಾರಿ ಒಂದು ಬಿದ್ದರೆ ಗೋಡೆಯಾಚೆಯ ಮನೆ "ಇನ್ನೊಂದು" ಅನ್ನುತ್ತಿತ್ತು, ಈಚೆ ಮಗುವಿನ ಬೆನ್ನ ಮೇಲೆ ಸೌದೆ ಮುರಿಯುತ್ತಿತ್ತು.

ಮಣ್ಣು ಮೆತ್ತಿದ ಬಾಗಿಲಿನ ಬುಡದಲ್ಲಿ ಬೆಕ್ಕು ನುಸುಳುವಷ್ಟು ಕಿಂಡಿ. ಅದರಿಂದ ಅಂಬಲಿ ಒಳಗೆ ಬರುತ್ತಿತ್ತು, ಮಾತು ಹೊರಗೆ ಹೋಗುತ್ತಿತ್ತು. ಮಾಡಿನ ಹೆಂಚು ಸರಿಸಿ ಬೀದಿಗಿಳಿದವರು ಕಾವಲಿನ ಬಡಿಗೆಯವರ ಕೈಗೆ ಸಿಕ್ಕರೆ ಕಣಕಾಲು ಮುರಿಸಿಕೊಳ್ಳುತ್ತಿದ್ದರು. ಎರಡೂ ಕಾಲಿನದು. ಮುರಿದವರನ್ನು ಅಲ್ಲೇ ಬಿಡುತ್ತಿದ್ದರು. ಅವರು ತೆವಳುತ್ತಾ ಮನೆಗೆ ಬಂದು ಕಿಂಡಿಯ ಮುಂದೆ ಮಲಗುತ್ತಿದ್ದರು, ಒಳಗಿನವರು ಕಿಂಡಿಯಿಂದ ಕೈ ಚಾಚಿ ಅವರ ತಲೆ ಸವರುತ್ತಿದ್ದರು.

ರೋಗ ಸುಳ್ಳಾಗಿರಲಿಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು. ಶುರುವಿನಲ್ಲಿ ಉಗುರು ನೀಲಿಯಾಗಿ, ಎದೆಯೊಳಗೆ ಒಣಗಿದ ಬೀಜದ ಸದ್ದು ಬಂದು ಜನ ಸತ್ತದ್ದು ನಿಜ. ಮಡಕೆ ಅಲ್ಲಿಯವರೆಗೆ ಸುಡುಗಾಡಿನಲ್ಲಿ ಮಾತ್ರ ಒಡೆಯುತ್ತಿತ್ತು, ಮಗನ ಹೆಗಲಿಂದ ಜಾರಿ, ಚಿತೆಯ ಬಳಿ. ಸುಡುಗಾಡಿಗೆ ಹೋಗುವವರೂ ಇಲ್ಲವಾದಾಗ ಗೋಪುರದಲ್ಲಿ ಒಡೆಯತೊಡಗಿದರು. ಆಗ ಒಡೆಯುವವನು ಮೊದಲು ಹೆಸರು ಕೂಗಿ, ಆಮೇಲೆ ಹಾರೆ ಎತ್ತುತ್ತಿದ್ದ. ಬೀದಿ ಅಳುತ್ತಿತ್ತು. ಬರುಬರುತ್ತಾ ಹೆಸರು ಬಿದ್ದುಹೋಯಿತು, ಸದ್ದು ಉಳಿಯಿತು. ಆಮೇಲೆ ಅಳು ನಿಂತಿತು, "ಇನ್ನೊಂದು" ಉಳಿಯಿತು.

ಆ ಊರಿನಲ್ಲಿ ಇದಕ್ಕಿಂತ ಹಳೆಯ ಭಯವೂ ಒಂದಿತ್ತು. ಸತ್ತವರು ಬೇಕಾದವರ ದನಿಯಲ್ಲಿ ಬಾಗಿಲಿಗೆ ಬಂದು ಕರೆಯುತ್ತಾರೆ, ಓಗೊಟ್ಟರೆ ಒಯ್ಯುತ್ತಾರೆ. "ನಾಳೆ ಬಾ" ಅಂದರೆ ಹೋಗುತ್ತಾರೆ. ಮರುದಿನ ಬಂದರೆ ಮತ್ತೆ ನಾಳೆ. ಅಜ್ಜಿಯರ ಕಾಲದಲ್ಲಿ ಇದನ್ನು ಬಾಗಿಲಿನ ಮೇಲೆ ಸುಣ್ಣದಲ್ಲಿ ಬರೆಸುತ್ತಿದ್ದರು. ಈಗ ಬರಹ ಕೆಂಪು ಮಣ್ಣಿನಡಿ ಹೂತುಹೋಗಿತ್ತು. ಬಾಯಿಪಾಠ ಹೂತಿರಲಿಲ್ಲ.

ಆ ಊರಿನ ಸೂಲಗಿತ್ತಿಗೆ ಒಬ್ಬಳೇ ಮಗಳು. ಮಗಳು ದಿನ ತುಂಬಿದ ಬಸುರಿ. ಗಂಡನ ಜೊತೆ ಗಾಣದ ಬೀದಿಯ ಕೊನೆಯ ಮನೆಯಲ್ಲಿದ್ದಳು. ಬಾಗಿಲಿಗೆ ಮೊದಲ ಪದರ ಬೀಳುವ ಮುನ್ನ ಸೂಲಗಿತ್ತಿ ಮಗಳ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದ್ದಳು. ಕೂಸು ಆಗಲೇ ಅಡ್ಡ ಮಲಗುವ ಚಾಳಿಯದು. ಈಗಲೂ ಹಾಗೇ ಇದೆಯೆಂದು ಮಗಳು ಕಿಂಡಿಯಿಂದ ಕಿಂಡಿಗೆ ಹೇಳಿಕಳಿಸಿದ್ದಳು. ಅಡ್ಡ ಕೂಸನ್ನು ತಿರುಗಿಸಲು ಕೈ ಬೇಕು. ಆ ಕೈ ಮೂರು ಬೀದಿಯಾಚೆ ಮಣ್ಣಿನ ಹಿಂದೆ ಇತ್ತು.

ಅಂಬಲಿ ಸುರಿಯಲು ಬಂದ ಮೆತ್ತುವವನ ಮುಂಗೈಯನ್ನು ಸೂಲಗಿತ್ತಿ ಕಿಂಡಿಯಿಂದಲೇ ಹಿಡಿದಳು.

"ಬಾಗಿಲು ಯಾವಾಗ ತೆರೀತೀರಪ್ಪ?"

"ನಾಳೆ."

"ನಿನ್ನೇನೂ ನಾಳೆ ಅಂದೆ."

"ನಾಳೇನೂ ನಾಳೆ ಅಂತೀನಿ. ಕೈ ಬಿಡವ್ವ."

"ಮಗಳ ದಿನ ತುಂಬಿದೆ ಕಣೋ. ಹೆರಿಗೆ ನಿನ್ನ ನಾಳೆಗೆ ಕಾಯುತ್ತಾ?"

"ಕಾಯಿಸಬೇಕು. ಹಿರಿಯರ ಅಪ್ಪಣೆ ಆಗಿದೆ. ಹುಟ್ಟೋದು, ಮದುವೆ, ಗುದ್ದಲಿಪೂಜೆ, ಎಲ್ಲ ಮುಂದಕ್ಕೆ ಹೋಗಿದೆ."

"ಸಾಯೋದು?"

"ಅದೊಂದಕ್ಕೆ ತಡೆಯಿಲ್ಲ," ಎಂದು ಅವನು ಕೈ ಕೊಡವಿಕೊಂಡ.

ಹಿರಿಯ ಎಂದರೆ ಗೋಪುರದ ಹಿರಿಯ. ಒಡೆಯುವವನಿಗೆ ಎಷ್ಟು ಮಡಕೆ ಎಂದು ಹೇಳುವವನು ಅವನೇ. ಅವನನ್ನೇ ಕೇಳಬೇಕೆಂದು ಸೂಲಗಿತ್ತಿ ಮರುದಿನ ಬೆಳಕು ಹರಿಯುವ ಮೊದಲು ಹೆಂಚು ಸರಿಸಿ ಕೆಳಗಿಳಿದಳು. ಸೊಂಟದಲ್ಲಿ ಹೊಕ್ಕುಳುಬಳ್ಳಿ ಕೊಯ್ಯುವ ಚೂರಿ. ಗಾಣದ ಬೀದಿ ದಾಟುವಾಗ ಒಂದು ಕಿಂಡಿಯಿಂದ ಗಾಣದವನ ದನಿ ಬಂತು. ಮಗಳ ಪಕ್ಕದ ಮನೆಯವನು, ಬಾಯಿ ಜೋರು.

"ಯಾರದು, ಸೂಲಗಿತ್ತಿಯಾ? ಎರಡು ಕಾಲೂ ಇವೆಯಾ ಇನ್ನೂ?"

"ಇವೆ. ಬಾಯಿ ಮುಚ್ಚು."

"ಹೋಗಿ ಕೇಳಿ ಬಾ ತಾಯಿ, ನಮ್ಮ ಬೀದೀಲಿ ಒಬ್ಬರೂ ಕೆಮ್ಮಿಲ್ಲ, ದಿನಾ ಅಷ್ಟು ಮಡಕೆ ಯಾರಪ್ಪನ ಹೆಸರಲ್ಲಿ ಒಡೀತಾರೆ ಅಂತ."

ಗೋಪುರದ ಬುಡದಲ್ಲಿ ಮಡಕೆಮನೆ. ಅದರ ಪಕ್ಕ ಕುಂಬಾರರ ಆವಿಗೆ, ಆರದೆ ಹೊಗೆಯಾಡುತ್ತಿತ್ತು. ಬಡಿಗೆಯವರ ಹೆಜ್ಜೆ ಕೇಳಿಸಿ ಸೂಲಗಿತ್ತಿ ಮಡಕೆಗಳ ರಾಶಿಯ ಹಿಂದೆ ಅಡಗಿದಳು. ರಾಶಿ ಮಾಡು ಮುಟ್ಟುತ್ತಿತ್ತು. ಊರಿನ ಜನಕ್ಕಿಂತ ಹೆಚ್ಚು ಮಡಕೆ ಅಲ್ಲಿದ್ದವು. ಹಿರಿಯ ಬಂದು ಕಲ್ಲಿನ ಮೇಲೆ ಕುಳಿತ. ಬಡಿಗೆಯವರು ಒಬ್ಬೊಬ್ಬರಾಗಿ ಮುಂದೆ ಬಂದರು.

"ಕೆರೆ ಬೀದಿಯಲ್ಲಿ ಒಬ್ಬ ಕೆಮ್ಮಿದ, ಬುದ್ಧೀ."

"ಮಡಕೆ ಇಡು."

"ಅವನೇ ರಾತ್ರಿ ಇನ್ನೊಮ್ಮೆ ಕೆಮ್ಮಿದ."

"ಇನ್ನೊಂದು ಇಡು."

"ಒಬ್ಬಳು ಬಾವಿಗೆ ಹಾರಿದಳು. ಬಾಗಿಲು ಮುಚ್ಚಿದ್ದು ಸಹಿಸಲಾರದೆ ಅಂತಾರೆ."

"ಸತ್ತಳೋ ಇಲ್ಲವೋ? ಇಡು."

"ಬರುವಾಗ ಗಾಡಿ ಗುಂಡಿಗಿಳಿದು ಒಂದು ಹೇರು ಮಡಕೆ ಒಡೆದುಹೋಯ್ತು, ಬುದ್ಧೀ. ಅದು..."

ಹಿರಿಯ ಕಣ್ಣು ಮುಚ್ಚಿ ಯೋಚಿಸಿದ. ಕೆಟ್ಟವನ ಮುಖ ಅಲ್ಲ ಅದು. ನಿದ್ದೆಗೆಟ್ಟವನ ಮುಖ.

"ಸದ್ದು ಆಯಿತಲ್ಲವೇ?"

"ಆಯಿತು."

"ಹಾಗಾದರೆ ಸೇರಿತು. ಒಡೆದ ಮಡಕೆಯನ್ನು ಒಡೆದಿಲ್ಲ ಅನ್ನೋಕಾಗುತ್ತೇನಯ್ಯ? ನೋಡು, ಹೆಚ್ಚು ಕೇಳಿದರೆ ಜನ ಹೆದರುತ್ತಾರೆ. ಹೆದರಿದವರು ಬದುಕುತ್ತಾರೆ. ಹೆಚ್ಚಾದರೆ ನಷ್ಟ ಯಾರಿಗೆ?"

ಇದನ್ನು ಕೇಳಿದ ಮೇಲೆ ಸೂಲಗಿತ್ತಿ ಅವನನ್ನು ಏನೂ ಕೇಳಲಿಲ್ಲ. ಮೇಲೆ ಹಾರೆ ಬೀಳತೊಡಗಿತು. ಬಡಿಗೆಯವರು ಮಡಕೆ ಹೊತ್ತು ಹತ್ತುವ ಗಡಿಬಿಡಿಯಲ್ಲಿ ಅವಳು ಹೊರಬಿದ್ದಳು. ಗಾಣದವನ ಕಿಂಡಿಯ ಮುಂದೆ ಕುಕ್ಕರಿಸಿ ಉಸಿರು ಬಿಗಿಹಿಡಿದು ಹೇಳಿದಳು:

"ರೋಗ ನಿಜ. ಎಣಿಕೆ ಸುಳ್ಳು. ಒಬ್ಬನಿಗೆ ಎರಡು ಒಡೀತಾರೆ, ಗಾಡಿ ಎತ್ತಿಹಾಕಿದ್ದಕ್ಕೂ ನಮ್ಮನ್ನ ಮುಚ್ತಾರೆ. ಎಲ್ಲರೂ ಸೇರಿ ಸರಿಯಾದ ಎಣಿಕೆ ಕೊಡಿ ಅಂತ ಕೇಳಬೇಕು. ತಿಳೀತೇನಪ್ಪ?"

"ತಿಳೀತು ತಾಯಿ," ಎಂದ ಗಾಣದವ.

ಮಾತು ಕಿಂಡಿಯಿಂದ ಕಿಂಡಿಗೆ ಹೋಯಿತು. ಮೊದಲ ತಿರುವಿನಲ್ಲಿ "ರೋಗ ನಿಜ" ಬಿದ್ದುಹೋಯಿತು. ಎರಡನೆಯ ತಿರುವಿನಲ್ಲಿ "ಕೇಳಬೇಕು" ಬಿದ್ದುಹೋಯಿತು. ಊರಿನ ತುದಿ ಮುಟ್ಟುವಾಗ ಉಳಿದದ್ದು ಒಂದೇ ಪದ, "ಸುಳ್ಳು". ಅದು ಅಲ್ಲಿಂದ ತಿರುಗಿ ಬಂದಾಗ ಅದರ ಕೈಯಲ್ಲಿ ಕೊಡಲಿ ಇತ್ತು.

ಮಾರನೆಯ ಬೆಳಗು ಊರಿನ ಹೆಂಚುಗಳೆಲ್ಲ ಒಟ್ಟಿಗೇ ಜಾರಿದವು. ಜನ ಮಾಡುಗಳಿಂದ ಬೀದಿಗೆ ಸುರಿದರು. ಒನಕೆ, ಕುಡುಗೋಲು, ನೊಗ, ಮಂಚದ ಕಾಲು. ಕಣಕಾಲು ಮುರಿದವರು ಬಾಯಲ್ಲಿ ಕತ್ತಿ ಕಚ್ಚಿ ತೆವಳುತ್ತಾ ಬಂದರು. ಗೋಪುರದ ಬಯಲಿನಲ್ಲಿ ಬಡಿಗೆಯವರು ಸಾಲಾಗಿ ನಿಂತಿದ್ದರು. ಮೊದಲ ಸಾಲಿನ ಜನರ ಮೊಣಕಾಲುಗಳು ಹಸಿ ಕಬ್ಬಿನಂತೆ ಮುರಿದವು. ಎರಡನೆಯ ಸಾಲು ಮೊದಲ ಸಾಲನ್ನು ತುಳಿದುಕೊಂಡು ಬಂತು. ಆಮೇಲೆ ಸಾಲುಗಳಿರಲಿಲ್ಲ. ಬಡಿಗೆ ಕಸಿದು ಬಡಿಗೆಯವನ ಹಲ್ಲಿಗೆ ತುರುಕಿದರು. ಮೆತ್ತುವವರನ್ನು ಅವರ ಮಣ್ಣಿನ ಹೊಂಡಕ್ಕೇ ಎಳೆದು, ಬಾಯಿಗೆ ಮಣ್ಣು, ಮೂಗಿಗೆ ಮಣ್ಣು, ಕಣ್ಣಿಗೆ ಮಣ್ಣು ಮೆತ್ತಿ, ಅಂಗೈಯಿಂದ ನುಣ್ಣಗೆ ಸವರಿದರು. "ಬಾಗಿಲು ಯಾವಾಗ?" ಎಂದು ಕೇಳಿದರು. "ನಾಳೆ" ಎಂದು ತಾವೇ ಹೇಳಿಕೊಂಡು ನಕ್ಕರು. ಹಿರಿಯ ಎರಡು ಕೈ ಎತ್ತಿ, "ನಿಮ್ಮ ಒಳ್ಳೆಯದಕ್ಕೇ ಕಣ್ರಪ್ಪ," ಎಂದ. ಅಷ್ಟರಲ್ಲಿ ಅವನ ಒಂದು ಕೈ ಅಲ್ಲಿರಲಿಲ್ಲ.

ಸೂಲಗಿತ್ತಿ ಇದೊಂದನ್ನೂ ನೋಡಲು ನಿಲ್ಲಲಿಲ್ಲ. ಮನೆ ಬಿಡುವಾಗಲೇ ಗಾಣದ ಬೀದಿಯಿಂದ ಮಗಳ ಮೊದಲ ನೋವಿನ ಕೂಗು ಕೇಳಿ ಅತ್ತ ಓಡಿದ್ದಳು. ಆ ಬೀದಿಯಲ್ಲಿ ಹೆಂಚು ಸರಿಯದ ಮನೆ ಅದೊಂದೇ. ಅಳಿಯ ಹೆದರುಪುಕ್ಕಲ, ನಿಯಮಕ್ಕೆ ಬದ್ಧ. ಹೆಂಚಿನಡಿ ಹಲಗೆ ಬಡಿದು ಮಾಡನ್ನೂ ಮುಚ್ಚಿದ್ದ.

"ಬಾಗಿಲು ಒಡೆಯಪ್ಪ, ನಾನು ಹೊರಗಿಂದ ಅಗೆಯುತ್ತೇನೆ," ಎಂದಿದ್ದಳು ಅವಳು.

"ಅತ್ತೇ, ದಮ್ಮಯ್ಯ, ಸದ್ದಿಲ್ಲದ ಬೆಳಗು ಬರಲಿ. ನಿಯಮ ತೆರೆಸಿದರೆ ನಾನೇ ಈ ಕೈಯಿಂದ ತೆರೆಯುತ್ತೇನೆ. ಈಗ ತೆರೆದರೆ ಕೂಸಿಗೆ ರೋಗ ಬಡಿದರೆ?"

ಅವನ ದನಿಯಲ್ಲಿ ಹಟವಿರಲಿಲ್ಲ, ಪ್ರೀತಿಯಿತ್ತು. ಅದಕ್ಕೇ ಅವಳು ಅದರ ಜೊತೆ ಜಗಳವಾಡದೆ, ಒಂದು ಸದ್ದಿಲ್ಲದ ಬೆಳಗು ತರುತ್ತೇನೆಂದು ಗೋಪುರಕ್ಕೆ ಓಡಿಬಂದಿದ್ದಳು.

ಬಡಿದಾಟದ ಅಂಚಿನಿಂದ ನುಸುಳಿ ಅವಳು ಮೆಟ್ಟಿಲು ಹತ್ತಿದಳು. ನೆತ್ತಿಯಲ್ಲಿ ಒಡೆಯುವವನು ಹಾರೆ ಹಿಡಿದು ದಿಬ್ಬವನ್ನೇ ನೋಡುತ್ತಿದ್ದ. ಸೂರ್ಯನ ಅಂಚು ಆಗಷ್ಟೇ ಕೆಂಪಾಗುತ್ತಿತ್ತು. ಅವಳು ಚೂರಿಯನ್ನು ಅವನ ಕೊರಳಿಗಿಟ್ಟಳು.

"ಒಂದು ಬೆಳಗು. ಒಂದೇ ಒಂದು. ಸುಮ್ಮನಿರು."

"ನಾನು ಸುಮ್ಮನಿದ್ದರೆ ನೀವೆಲ್ಲ ಸಾಯುತ್ತೀರಿ ಅಂದಿದ್ದಾರೆ."

"ನಿನ್ನ ಹೆಂಡತಿಯ ಹೆರಿಗೆ ಮಾಡಿಸಿದವಳು ನಾನು. ನೀನು ಬಾಗಿಲಾಚೆ ಕೂತು ಅತ್ತಿದ್ದೆ. ನೆನಪಿದೆಯೇನಯ್ಯ?"

ಅವನು ತಿರುಗಿ ನೋಡಿದ. ಅವನ ರೆಪ್ಪೆಯ ಮೇಲೆ ಮಡಕೆಯ ಧೂಳು ಕೆಂಪಗೆ ಕೂತಿತ್ತು.

"ಅವಳು ಹೋದಳವ್ವ. ಉಗುರು ನೀಲಿಯಾಗಿ. ಅವಳ ಮಡಕೇನೂ ನಾನೇ ಒಡೆದೆ. ಆ ದಿನ ಎಷ್ಟೊಂದಿದ್ದವು. ಅದರಲ್ಲಿ ಅವಳದ್ದು ಯಾವುದು ಅಂತ ಯಾರೂ ಹೇಳಲಿಲ್ಲ."

ಚೂರಿಯನ್ನು ಅವಳು ಸೊಂಟಕ್ಕೆ ಸಿಕ್ಕಿಸಿದಳು. ಅವನು ಹಾರೆಯನ್ನು ಅವಳ ಕೈಗೆ ಕೊಟ್ಟ, ಕೂಸನ್ನು ಕೊಡುವ ಹಾಗೆ ಎರಡೂ ಕೈಯಿಂದ. ಇಬ್ಬರೂ ದಿಬ್ಬಕ್ಕೆ ಮುಖ ಮಾಡಿ ನಿಂತರು.

ಸೂರ್ಯ ಕಾಲು ಬಂದ. ಅರ್ಧ ಬಂದ. ಮಡಕೆ ಒಡೆಯಲಿಲ್ಲ. ಬೀದಿಗಿಳಿಯದ ಮುದುಕರು, ಬಾಣಂತಿಯರು, ಮಕ್ಕಳು ಬಾಗಿಲುಗಳ ಹಿಂದೆ ಉಸಿರು ಕಟ್ಟಿದರು. "ಇನ್ನೊಂದು" ಎನ್ನಲು ತೆರೆದ ಬಾಯಿಗಳು ಹಾಗೇ ತೆರೆದುಕೊಂಡಿದ್ದವು. ಎಲ್ಲೋ ಒಂದು ಮನೆಯ ಒಳಗಿಂದ ಉಗುರಿನಲ್ಲಿ ಮಣ್ಣು ಕೆರೆಯುವ ಸಣ್ಣ ಸದ್ದು ಬಂತು. ಆಮೇಲೆ ಇನ್ನೊಂದು ಮನೆಯಿಂದ. ಗೋಪುರದ ಮೇಲಿನಿಂದ ಗಾಣದ ಬೀದಿಯ ಕೊನೆಯ ಬಾಗಿಲು ಕಾಣುತ್ತಿತ್ತು. ಅದರ ಕೆಂಪು ಮಣ್ಣಿನಲ್ಲಿ ಒಂದು ಬಿರುಕು ಬಿಟ್ಟದ್ದನ್ನು ಸೂಲಗಿತ್ತಿ ನೋಡಿದಳು. ಅಳಿಯ ಮಾತಿಗೆ ತಪ್ಪುವವನಲ್ಲ. ಸೂರ್ಯ ದಿಬ್ಬಕ್ಕೆ ಒಂದು ಎಳೆಯಷ್ಟು ಅಂಟಿಕೊಂಡಿದ್ದ, ಇನ್ನೂ ಬಳ್ಳಿ ಕೊಯ್ಯದ ಕೂಸಿನಂತೆ.

ಆಗ ಕೆಳಗೆ ಗಾಣದವನು ಮಡಕೆಮನೆಯ ಬಾಗಿಲನ್ನು ಒದ್ದು ಮುರಿದ.

"ನೋಡ್ರೋ, ನೋಡ್ರೋ! ನಮ್ಮನ್ನ ಹೂತಿದ್ದು ಇವೇ! ಇಷ್ಟೂ ಸುಳ್ಳು!" ಎಂದು ಅವನು ಒಂದನ್ನು ತಲೆಯ ಮೇಲೆತ್ತಿದ.

"ಒಡೆಯಬೇಡ್ರೋ!" ಸೂಲಗಿತ್ತಿ ಮೇಲಿನಿಂದ ಕಿರುಚಿದಳು. "ಒಂದೇ ಒಂದು ಗಳಿಗೆ! ಸೂರ್ಯ ಬಿಡಿಸಿಕೊಳ್ಳಲಿ! ಒಡೆದರೆ ಲೆಕ್ಕ!"

ಜನ ತಲೆಯೆತ್ತಿ ನೋಡಿದರು. ಅವಳ ಕೈಯಲ್ಲಿ ಹಾರೆ ಕಂಡಿತು. ಎಣಿಕೆಯ ಗುಟ್ಟು ತಂದ ತಾಯಿ ಹಾರೆಯನ್ನೂ ಕಸಿದುಕೊಂಡಿದ್ದಾಳೆ ಎಂದು ಕೇಕೆ ಹಾಕಿದರು. ಆ ಕೇಕೆಯಲ್ಲಿ ಅವಳ ಮಾತು ಮುಳುಗಿತು. ಗಾಣದವ ಮಡಕೆಯನ್ನು ನೆಲಕ್ಕೆ ಅಪ್ಪಳಿಸಿದ.

ಮೊದಲು ಒಂದು. ಆಮೇಲೆ ಎಲ್ಲರೂ. ಒನಕೆಯಿಂದ ಒಡೆದರು, ಕಾಲಿನಿಂದ ಒಡೆದರು, ಹಣೆಯಿಂದ ಒಡೆದರು. ಮಾಡು ಮುಟ್ಟುತ್ತಿದ್ದ ರಾಶಿ ಕುಸಿಯಿತು. ಮಡಕೆಯ ಹೊಳೆ ಬಯಲಿಗೆ ಉರುಳಿ, ಬಿದ್ದವರ ಮೇಲೆ ಒಡೆಯಿತು, ಸತ್ತವರ ಮೇಲೆ ಒಡೆಯಿತು. ಆವಿಗೆಯಿಂದ ಬಿಸಿ ಮಡಕೆ ಕಿತ್ತು ಒಡೆದರು, ಅಂಗೈ ಸುಟ್ಟು ಹೊಗೆಯಾಡಿದರೂ ಬಿಡಲಿಲ್ಲ. ಆ ಊರು ಹುಟ್ಟಿದಂದಿನಿಂದ ಅಂಥ ಸದ್ದು ಕೇಳಿರಲಿಲ್ಲ. ಅಷ್ಟು ಹೊತ್ತಿಗೆ ಮೆಟ್ಟಿಲು ಹತ್ತಿ ಬಂದವರು ಒಡೆಯುವವನನ್ನು ಸೊಂಟ ಹಿಡಿದು ಎತ್ತಿದರು. ಅವನು ಬಿಡಿಸಿಕೊಳ್ಳಲಿಲ್ಲ. ಕೆಳಗಿನ ಸದ್ದನ್ನು ಕೇಳುತ್ತಾ, ರೂಢಿಯಂತೆ, ತುಟಿಯಲ್ಲೇ "ಇನ್ನೊಂದು, ಇನ್ನೊಂದು" ಎನ್ನುತ್ತಿದ್ದ. ಅವನನ್ನು ಎಸೆದರು. ಅವನ ತಲೆ ಕಲ್ಲಿಗೆ ಬಡಿದ ಸದ್ದೂ ಮಡಕೆಯದರ ಹಾಗೆಯೇ ಇತ್ತು. ಊರಿನ ಬಾಗಿಲುಗಳ ಹಿಂದಿನಿಂದ ಉತ್ತರ ಬಂತು.

"ಇನ್ನೊಂದು."

ಆಮೇಲೆ ಒಡೆಯಲು ಏನೂ ಉಳಿಯಲಿಲ್ಲ. ಸದ್ದು ನಿಂತಿತು. ನಿಂತ ಮೇಲೆಯೇ ಅದು ಎಷ್ಟು ದೊಡ್ಡದಿತ್ತೆಂದು ಒಡೆದವರಿಗೂ ತಿಳಿದದ್ದು. ಮನೆಗಳ ಒಳಗಿದ್ದವರು ಬೀದಿಯನ್ನು ಕಂಡಿರಲಿಲ್ಲ, ಕೇಳಿದ್ದರಷ್ಟೇ. ಊರಿಗೆ ಊರೇ ಸತ್ತಿದೆ ಎಂದುಕೊಂಡರು. ಕೆರೆಯುತ್ತಿದ್ದ ಉಗುರುಗಳು ಅಲ್ಲಿಗೇ ನಿಂತು, ಉದುರಿದ ಮಣ್ಣನ್ನು ನೀರಲ್ಲಿ ಕಲಸಿ ಬಿರುಕಿಗೆ ಒತ್ತತೊಡಗಿದವು.

ಬಯಲಿನಲ್ಲಿ ಒಬ್ಬ ಕೆಮ್ಮಿದ. ಮಡಕೆಯ ಧೂಳು ಗಂಟಲಿಗೆ ಹೋಗಿರಬೇಕು, ರೋಗವೇ ಇರಬೇಕು, ಯಾರೂ ಕೇಳಲಿಲ್ಲ. ಗಾಣದವನು ಪಕ್ಕಕ್ಕೆ ಸರಿದ. ತನ್ನ ಉಗುರು ನೋಡಿಕೊಂಡ. ಕೆಮ್ಮಿದವನ ಉಗುರು ನೋಡಿದ.

"ನೀಲಿ," ಎಂದ.

"ಇಲ್ಲ ಮಾವ, ನೀಲಿ ಅದ್ದೋನು ನಾನು, ಬಣ್ಣ ಇದು, ನಿನಗೆ ಗೊತ್ತಲ್ಲ," ಎಂದ ಆ ಬಣ್ಣಗಾರ. ಅವನು ಮಾತು ಮುಗಿಸುವುದರೊಳಗೆ ಓಡಿನ ಚೂರುಗಳು ಅವನ ಮೇಲೆ ಬಿದ್ದವು. ಅವನು ಅಲುಗದಾದ ಮೇಲೆ ಜನ ಒಬ್ಬರನ್ನೊಬ್ಬರು ನೋಡದೆ ಓಡಿದರು. ಅಪ್ಪಣೆ ಕೊಡುವವರು ಸತ್ತಿದ್ದರು. ಮೆತ್ತುವವರು ಸತ್ತಿದ್ದರು. ಜನ ತಂತಮ್ಮ ಮಾಡುಗಳಿಂದ ಒಳಗಿಳಿದು, ಹೆಂಚು ಜೋಡಿಸಿ, ಒಳಗಿನಿಂದ ತಾವೇ ಮೆತ್ತಿಕೊಂಡರು. ಈ ಸಲ ಕಿಂಡಿಗಳನ್ನೂ ಬಿಡಲಿಲ್ಲ.

ಸೂಲಗಿತ್ತಿ ಹಾರೆ ಹೊತ್ತು ಗಾಣದ ಬೀದಿಗೆ ಬಂದಾಗ ಬೀದಿಯಲ್ಲಿ ಅವಳೊಬ್ಬಳೇ. ಕೊನೆಯ ಮನೆಯ ಬಾಗಿಲಿನ ಬಿರುಕು ಮುಚ್ಚಿತ್ತು. ಕಿಂಡಿಗೆ ಒಳಗಿನಿಂದ ಒಂದು ಅಂಗೈ ಹಸಿ ಮಣ್ಣು ಒತ್ತುತ್ತಿತ್ತು.

"ಅಳಿಯಪ್ಪ, ನಾನು. ತೆಗಿ."

ಅಂಗೈ ನಿಂತಿತು.

"ಮಡಕೆ ಒಡೆದದ್ದು ಕೋಪಕ್ಕೆ ಕಣಪ್ಪ. ಯಾರೂ ರೋಗದಿಂದ ಸತ್ತಿಲ್ಲ. ನಾನು ಬದುಕಿದ್ದೀನಿ. ಬಾಗಿಲು ತೆಗಿ."

"ಅಷ್ಟು ಮಡಕೆ," ಎಂದ ಅಳಿಯ. ಅವನು ಅಳುತ್ತಿದ್ದ. "ಅಷ್ಟರಲ್ಲಿ ನಮ್ಮತ್ತೆಯದೂ ಇತ್ತು. ಇಲ್ಲದೆ ಇದ್ದೀತೇ? ಅವರು ಬೀದಿಯಲ್ಲೇ ಇದ್ದರು."

"ನಾನೇ ಕಣೋ ಅದು!"

ಒಳಗಿನಿಂದ ಮಗಳು ಕೂಗಿದಳು. "ಅವ್ವಾ!"

"ಓಗೊಡಬೇಡ," ಎಂದ ಅಳಿಯ ಹೆಂಡತಿಗೆ, ಮೆಲ್ಲಗೆ, ಅವಳ ಬಾಯಿ ಮುಚ್ಚಿ ಹಿಡಿದವನಂತೆ. "ಅದು ಅವ್ವ ಅಲ್ಲ. ಅವ್ವನ ದನಿ."

ಸೂಲಗಿತ್ತಿ ನೆಲಕ್ಕೆ ಬಿದ್ದು, ಮುಚ್ಚುತ್ತಿರುವ ಕಿಂಡಿಗೆ ಬಾಯಿಟ್ಟಳು. ಹೊರಗಿನಿಂದ ಮಾಡಬಹುದಾದದ್ದು ಇನ್ನು ಅದೊಂದೇ.

"ಆಯ್ತು, ತೆಗೀಬೇಡ. ನಾನು ದೆವ್ವಾನೇ ಅಂದ್ಕೋ. ಹೇಳಿದ್ದು ಕೇಳು. ಕೈಗೆ ಹರಳೆಣ್ಣೆ ಸವರ್ಕೋ. ಅವಳನ್ನ ಮೊಣಕಾಲೂರಿ ಬಗ್ಗಿಸು. ಹೊಟ್ಟೆಯ ಎಡಕ್ಕೆ ಗಟ್ಟಿಗೆ ಉಂಡೆ ಸಿಗುತ್ತೆ, ಅದು ತಲೆ. ನೋವು ಬಿಟ್ಟಿರೋ ಹೊತ್ತಲ್ಲಿ ಮೆತ್ತಗೆ ಕೆಳಕ್ಕೆ ಜರುಗಿಸು. ಕೇಳ್ತಾ ಇದೀಯಾ? ನೋವು ಬಂದಾಗ ಕೈ ತೆಗಿ, ಬಿಟ್ಟಾಗ ಜರುಗಿಸು. ಅಷ್ಟೇ. ಅಷ್ಟು ಮಾಡಿದರೆ ಇಬ್ಬರೂ ಉಳೀತಾರೆ."

ಕಿಂಡಿಯಲ್ಲಿ ಕಡ್ಡಿಯಷ್ಟು ಬೆಳಕು ಉಳಿದಿತ್ತು. ಅಳಿಯನ ದನಿ ಅದರಿಂದ ಬಂತು. ಚಿಕ್ಕಂದಿನಲ್ಲಿ ಅಜ್ಜಿ ಕಲಿಸಿದ್ದನ್ನು ಅವನು ಒಂದಕ್ಷರ ತಪ್ಪದೆ, ಗೌರವದಿಂದ ಹೇಳಿದ.

"ನಾಳೆ ಬಾ, ತಾಯಿ."

ಮಣ್ಣು ಕಿಂಡಿಯನ್ನು ಮುಚ್ಚಿತು.

ಸೂಲಗಿತ್ತಿ ಎದ್ದಳು. ಸೂರ್ಯ ಎಲ್ಲದರಿಂದ ಬಿಡಿಸಿಕೊಂಡು ಮೇಲೆ ನಿಂತಿದ್ದ. ಅವಳು ಹಾರೆಯನ್ನು ತಲೆಯ ಮೇಲಕ್ಕೆತ್ತಿ ಬಾಗಿಲಿಗೆ ಹೊಡೆದಳು. ಎಷ್ಟು ಬೆಳಗುಗಳ ಮಣ್ಣು, ಪದರದ ಮೇಲೆ ಪದರ, ಬಿಸಿಲಲ್ಲಿ ಬೆಂದು ಓಡಾಗಿತ್ತು. ಹೊಡೆತಕ್ಕೆ ಅದು ಒಡೆದ ಸದ್ದು ಬೇರೆ ಯಾವುದರಂತೆಯೂ ಇರಲಿಲ್ಲ.

ಪಕ್ಕದ ಮನೆಯೊಳಗಿನಿಂದ ಗಾಣದವನ ದನಿ ಕೇಳಿತು. "ಇನ್ನೊಂದು."

ಅದರ ಪಕ್ಕದ ಮನೆ. "ಇನ್ನೊಂದು." ಎದುರು ಮನೆ. "ಇನ್ನೊಂದು."

ಅವಳ ಕೈ ಗಾಳಿಯಲ್ಲಿ ನಿಂತಿತು. ಹೊಡೆದರೆ ಊರು ಇನ್ನೊಂದು ಪದರ ಮೆತ್ತಿಕೊಳ್ಳುತ್ತದೆ. ನಿಲ್ಲಿಸಿದರೆ ಒಳಗೆ ಮಗಳ ಕೂಗು ಸಣ್ಣದಾಗುತ್ತಾ ಹೋಗುತ್ತದೆ. ಅವಳು ಹೊಡೆದಳು. "ಇನ್ನೊಂದು." ಹೊಡೆದಳು. "ಇನ್ನೊಂದು." ಅವಳು ಕೆಡವಿದ ಪದರದ ಹಿಂದೆ ಅಳಿಯನ ಅಂಗೈ ಪಟಪಟ ಹೊಸ ಪದರ ಬಡಿಯುವುದು ಕೇಳುತ್ತಿತ್ತು, ಅಷ್ಟೇ ವೇಗದಲ್ಲಿ. ಸೂಲಗಿತ್ತಿಯ ಅಂಗೈ ಒಡೆದು ಹಾರೆಗೆ ಅಂಟಿತು. ಒಮ್ಮೆ ಒಳಗೆ ಕೂಸು ಅತ್ತ ಹಾಗಾಯಿತು. ಮಗಳ ಕೂಗು ಅಲ್ಲಿಂದ ಮುಂದೆ ಕೇಳಲಿಲ್ಲ. ಸೂಲಗಿತ್ತಿ ಕಿವಿಯನ್ನು ಬಾಗಿಲಿಗಿಟ್ಟಳು. ಮಣ್ಣು ತಣ್ಣಗಿತ್ತು.

ಅವಳು ಹಿಂದೆ ಸರಿದು ಮತ್ತೆ ಹಾರೆ ಎತ್ತಿದಳು, ಹೊಡೆದಳು.

ಈ ಸಲ ಎಣಿಸಿದ ದನಿ ಆ ಬಾಗಿಲಿನ ಹಿಂದಿನಿಂದಲೇ ಬಂತು.

"ಇನ್ನೊಂದು," ಎಂದ ಅಳಿಯ.